ಅವ್ವ ಮತ್ತೆ ಗುಡಿಗೆ ನಡೆದದ್ದು: ಹೃದಯ ವೈಫಲ್ಯ, ವಯಸ್ಸು ಮತ್ತು ವ್ಯಾಯಾಮದ ಒಂದು ಪ್ರಕರಣ

ಹೃದಯ ವೈಫಲ್ಯ, ಅಂದರೆ ಹೃದಯ ಸೋತು ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾರದ ಸ್ಥಿತಿ, ಇರುವ ಹಿರಿಯರ ಮನೆಗೆ ಹೋದರೆ ನನ್ನ ಕಿವಿಗೆ ಮೊದಲು ಬೀಳುವ ಮಾತು ಒಂದೇ. "ನೀ ಸುಮ್ನೆ ಕೂಡು, ನಾವ್ ಮಾಡ್ತೀವಿ." ಅದನ್ನು ಹೇಳುವವರು ಮಕ್ಕಳು, ಸೊಸೆಯಂದಿರು. ಅವರ ಪ್ರೀತಿಯಲ್ಲಿ ಕೊರತೆ ಇಲ್ಲ. ಆದರೆ ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುತ್ತಾ ನಾನು ಕಂಡುಕೊಂಡದ್ದು ಹೀಗಿದೆ. ಇಂಥವರ ದಣಿವಿನಲ್ಲಿ ದೊಡ್ಡ ಪಾಲು ಹೃದಯದಿಂದ ಬಂದದ್ದಲ್ಲ, ಕೂತಲ್ಲೇ ಕೂತದ್ದರಿಂದ ಬಂದದ್ದು. ಆ ಪಾಲನ್ನು ಕಡಿಮೆ ಮಾಡಬಹುದು. ಅದು ಹೇಗೆ ಅಂತ ಒಬ್ಬ ತಾಯಿಯ ಪ್ರಕರಣದ ಮೂಲಕ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮನೆಯಲ್ಲಿ ಎಲ್ಲರೂ ಅವರನ್ನು ಅವ್ವ ಅನ್ನುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ.

ಬಂದಾಗಿನ ಸ್ಥಿತಿ

ಅವ್ವನಿಗೆ 69 ವರ್ಷ. ಸಕ್ಕರೆ ಕಾಯಿಲೆ ಹಳೆಯದು. ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಎದೆ ಉರಿ ಅಂತ ಮನೆಯಲ್ಲೇ ಒಂದು ರಾತ್ರಿ ಕಳೆದು ಆಮೇಲೆ ಆಸ್ಪತ್ರೆಗೆ ಹೋಗಿದ್ದರು. ಸ್ಟೆಂಟ್ ಹಾಕಿದರು, ಆದರೆ ಅಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಇಜೆಕ್ಷನ್ ಫ್ರಾಕ್ಷನ್ 30. ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಅಂಕಿ ಅದು. ಜನ 'ಪಂಪಿಂಗ್' ಅನ್ನುವುದು ಇದನ್ನೇ. ಸಾಮಾನ್ಯವಾಗಿ ಇದು 55ರ ಮೇಲೆ ಇರಬೇಕು. ಒಂದೇ ವರ್ಷದಲ್ಲಿ ಎರಡು ಸಲ ಶ್ವಾಸಕೋಶದಲ್ಲಿ ನೀರು ತುಂಬಿ ಅಡ್ಮಿಟ್ ಆಗಿದ್ದರು. ಎರಡನೇ ಸಲ ಮನೆಗೆ ಬಂದದ್ದು ಡಿಸೆಂಬರ್‌ನಲ್ಲಿ.

ಔಷಧಿಯಲ್ಲಿ ಕೊರತೆ ಇರಲಿಲ್ಲ. ಹೃದಯಕ್ಕೆ ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್, ಸಕುಬಿಟ್ರಿಲ್-ವಾಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್, ಜೊತೆಗೆ ನೀರು ಹೋಗುವ ಮಾತ್ರೆ ಫ್ಯೂರೋಸಮೈಡ್. ಸಕ್ಕರೆಗೆ ಬೆಳಗ್ಗೆ ಒಂದು ಗ್ಲಿಮೆಪಿರೈಡ್. ವೈದ್ಯರು ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದರು. ಮಾತ್ರೆ ತಪ್ಪದಂತೆ ಹಿರಿ ಸೊಸೆ ಡಬ್ಬಿಯಲ್ಲಿ ವಾರದ್ದು ಜೋಡಿಸಿಡುತ್ತಿದ್ದರು.

ಉಳಿದದ್ದು ಮನೆಯ ಏರ್ಪಾಡು. ಅವ್ವನ ಮಂಚವನ್ನು ಮಾಳಿಗೆ ಕೋಣೆಯಿಂದ ಕೆಳಗೆ ಪಡಸಾಲೆಗೆ ತಂದಿದ್ದರು. ನೀರು, ಚಹಾ, ಊಟ ಎಲ್ಲ ಮಂಚಕ್ಕೇ. ಸ್ನಾನಕ್ಕೆ ಒಬ್ಬರು ಹಿಡಿದುಕೊಳ್ಳುತ್ತಿದ್ದರು. ಟಾಯ್ಲೆಟ್ ಬಿಟ್ಟರೆ ಅವ್ವ ದಿನದಲ್ಲಿ ಎಲ್ಲಿಗೂ ಏಳುತ್ತಿರಲಿಲ್ಲ. ಶರಣಬಸವೇಶ್ವರ ಗುಡಿ ಆ ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಮದುವೆಯಾಗಿ ಬಂದಾಗಿನಿಂದ ಸೋಮವಾರ ತಪ್ಪದೆ ಹೋಗುತ್ತಿದ್ದವರು ಎರಡು ವರ್ಷದಿಂದ ಹೋಗಿರಲಿಲ್ಲ. ನಿಮಗೆ ಏನು ಬೇಕು ಅಂತ ಕೇಳಿದ್ದಕ್ಕೆ ಅವ್ವ ಹೇಳಿದ್ದು ಒಂದೇ: "ಗುಡಿಗಿ ನಡ್ಕೊಂಡು ಹೋಗಬೇಕು. ಆಟೋದಾಗ ಬ್ಯಾಡ."

ಗುರಿ ಇಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ದೊಡ್ಡ ಅನುಕೂಲ. 'ಆರೋಗ್ಯ ಸುಧಾರಿಸಬೇಕು' ಅಂದವರಿಗಿಂತ ಒಂದು ಜಾಗಕ್ಕೆ ಹೋಗಬೇಕು ಅಂದವರು ಜಾಸ್ತಿ ದಿನ ನಡೆಯುತ್ತಾರೆ. ಇದು ನನ್ನ ಅನುಭವ.

ಪರೀಕ್ಷೆ

ಮೊದಲು ಹೃದ್ರೋಗ ವೈದ್ಯರ ಒಪ್ಪಿಗೆ ತೆಗೆದುಕೊಂಡೆ. ಇದನ್ನು ಬಿಟ್ಟು ಯಾರೂ ಶುರು ಮಾಡಬಾರದು. ಕೂತಾಗಲೂ ಎದೆನೋವು ಬರುತ್ತಿದ್ದರೆ, ಹೃದಯದ ಬಡಿತ ಹತೋಟಿಯಲ್ಲಿ ಇಲ್ಲದಿದ್ದರೆ, ಮಹಾಪಧಮನಿಯ ಕವಾಟ ತೀರಾ ಕಿರಿದಾಗಿದ್ದರೆ, ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ನೀರು ಇನ್ನೂ ಇಳಿಯದಿದ್ದರೆ, ಜ್ವರ ಇದ್ದರೆ ವ್ಯಾಯಾಮ ಇಲ್ಲ. ಅವ್ವನಿಗೆ ಇವು ಯಾವುವೂ ಇರಲಿಲ್ಲ. ಮೂರು ವಾರದಿಂದ ತೂಕ 58 ಕಿಲೋದ ಆಸುಪಾಸಿನಲ್ಲೇ ನಿಂತಿತ್ತು. ಬಿಪಿ 106/64, ನಾಡಿ 66.

ಆಮೇಲೆ ಆರು ನಿಮಿಷದ ನಡಿಗೆ ಪರೀಕ್ಷೆ. 30 ಮೀಟರ್ ಉದ್ದದ ಸಪಾಟು ದಾರಿಯಲ್ಲಿ ರೋಗಿ ತನ್ನ ವೇಗದಲ್ಲಿ ಹೋಗಿ ಬರಬೇಕು. ಬೇಕಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಅವ್ವ ನಡೆದದ್ದು 168 ಮೀಟರ್, ನಡುವೆ ಎರಡು ಸಲ ಗೋಡೆ ಹಿಡಿದು ನಿಂತರು. ಯಾಕೆ ನಿಂತಿರಿ ಅಂತ ಕೇಳಿದೆ. ದಮ್ಮು ಅನ್ನುತ್ತಾರೆ ಅಂದುಕೊಂಡಿದ್ದರು ಮಗ. ಅವ್ವ ಹೇಳಿದ್ದು ಬೇರೆ. "ದಮ್ ಅಷ್ಟೇನಿಲ್ಲ ಯವ್ವಾ. ಕಾಲಾಗ ಜೀವಾನೇ ಇಲ್ಲ."

ಇಡೀ ಪ್ರಕರಣದ ಕೀಲಿ ಈ ಮಾತಿನಲ್ಲಿದೆ. ಕುರ್ಚಿಯಿಂದ ಕೈ ಊರದೆ ಐದು ಸಲ ಏಳಿ ಅಂದೆ. ಒಂದು ಸಲವೂ ಆಗಲಿಲ್ಲ. ಸೀರೆಯ ಕೆಳಗೆ ಮೀನಖಂಡ ಮುಟ್ಟಿ ನೋಡಿದರೆ ಮಾಂಸವೇ ಸೊರಗಿಹೋಗಿತ್ತು.

ಕಾಲು ಯಾಕೆ ಸೋತಿತು

ಹೃದಯ ವೈಫಲ್ಯಕ್ಕೆ ವಿಶ್ರಾಂತಿಯೇ ಮದ್ದು ಅಂತ ಡಾಕ್ಟರುಗಳೇ ಬಹಳ ಕಾಲ ಹೇಳುತ್ತಿದ್ದರು. 1980ರ ದಶಕದವರೆಗೂ ಅದೇ ರೂಢಿ. ಹಾಗಾಗಿ ಅವ್ವನ ಮನೆಯವರು ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ. ಅವರ ಅಪ್ಪ ಅಜ್ಜಂದಿರಿಗೆ ಆಸ್ಪತ್ರೆಯವರು ಹೇಳಿದ್ದು ಅದನ್ನೇ.

ಮಲಗಿದರೆ ದೇಹಕ್ಕೆ ಏನಾಗುತ್ತದೆ ಅನ್ನುವುದಕ್ಕೆ 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಪ್ರಯೋಗವನ್ನು ನಾನು ಮನೆಯವರಿಗೆ ಯಾವಾಗಲೂ ಹೇಳುತ್ತೇನೆ. 20 ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಮೇಲೆ ಇರಿಸಿದರು. ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಧಡಕ್ಕನೆ ಇಳಿಯಿತು. 30 ವರ್ಷ ಕಳೆದ ಮೇಲೆ ಅದೇ ಐದು ಜನರನ್ನು ಮತ್ತೆ ಪರೀಕ್ಷಿಸಿದರು. 30 ವರ್ಷದ ಮುಪ್ಪು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ಕಸಿದುಕೊಂಡಿತ್ತು! ಇನ್ನೊಂದು ಮಾತೂ ಇದೆ. ಆ ನಡುವಯಸ್ಸಿನಲ್ಲಿ ಆರು ತಿಂಗಳು ನಡಿಗೆ, ಓಟ, ಸೈಕಲ್ ಮಾಡಿಸಿದಾಗ 30 ವರ್ಷದಲ್ಲಿ ಕಳೆದ ಶಕ್ತಿ ವಾಪಸ್ ಬಂತು. ಅವರು ಆರೋಗ್ಯವಂತರು, ನಿಜ. ಆದರೂ ಹಾಸಿಗೆ ಎಷ್ಟು ದುಬಾರಿ ಅನ್ನುವುದು ಇದರಿಂದ ತಿಳಿಯುತ್ತದೆ ಅಲ್ವಾ?

ಮೂವತ್ತು ದಾಟಿದ ಮೇಲೆ ಈ ಗರಿಷ್ಠ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಂತೆ ಇಳಿಯುತ್ತದೆ, ಎಪ್ಪತ್ತರ ಹತ್ತಿರ ಇನ್ನೂ ಬೇಗ. ಅದರ ಮೇಲೆ ಹೃದಯ ವೈಫಲ್ಯ, ಅದರ ಮೇಲೆ ಮಂಚ. ಹೃದಯ ವೈಫಲ್ಯದಲ್ಲಿ ಕಾಲಿನ ಸ್ನಾಯುವೇ ಬದಲಾಗುತ್ತದೆ. ಆಮ್ಲಜನಕ ಉರಿಸುವ ಮೈಟೊಕಾಂಡ್ರಿಯ ಕಡಿಮೆಯಾಗುತ್ತವೆ, ಬೇಗ ದಣಿಯುವ ಎಳೆಗಳು ಹೆಚ್ಚುತ್ತವೆ, ರಕ್ತನಾಳ ಬೇಕಾದಷ್ಟು ಹಿಗ್ಗುವುದಿಲ್ಲ. ಹೃದ್ರೋಗ ತಜ್ಞ ಆಂಡ್ರ್ಯೂ ಕೋಟ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಒಂದು ಸರಣಿಯಾಗಿ ವಿವರಿಸಿದರು. ಸೊರಗಿದ ಸ್ನಾಯು ಸ್ವಲ್ಪ ಕೆಲಸಕ್ಕೇ ಮೆದುಳಿಗೆ ಅಪಾಯದ ಸುದ್ದಿ ಕಳಿಸುತ್ತದೆ. ಮೆದುಳು ಉಸಿರಾಟ ಹೆಚ್ಚಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಬಿಗಿದ ನಾಳಕ್ಕೆ ರಕ್ತ ತಳ್ಳಲು ಹೃದಯಕ್ಕೆ ಇನ್ನೂ ಶ್ರಮ. ರೋಗಿಗೆ ದಮ್ಮು, ಮತ್ತೆ ಮಂಚ, ಸ್ನಾಯು ಇನ್ನಷ್ಟು ಸೊರಗುತ್ತದೆ.

ಸತ್ತ ಹೃದಯ ಸ್ನಾಯುವನ್ನು ನಾನು ಬದುಕಿಸಲಾರೆ. ಆದರೆ ಈ ಸರಣಿಯನ್ನು ಕಾಲಿನ ಹತ್ತಿರ ಕಡಿಯಬಹುದು.

ಎಷ್ಟು, ಹೇಗೆ

ದೊಡ್ಡ ಮಗನಿಗೆ ಹೆದರಿಕೆ. "ಹಾರ್ಟ್ ವೀಕ್ ಆಗ್ಯಾದ, ಮ್ಯಾಲ ನಡಸ್ತೀರಿ. ಏನರ ಆದ್ರ?" ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ 2009ರಲ್ಲಿ ಪ್ರಕಟವಾದ ಎಚ್‌ಎಫ್-ಆ್ಯಕ್ಷನ್ ಅಧ್ಯಯನದಲ್ಲಿದೆ. ಪಂಪಿಂಗ್ 35 ಅಥವಾ ಕಡಿಮೆ ಇದ್ದ 2331 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿಯ ಜೊತೆ ನಡಿಗೆ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮ ಕೊಟ್ಟರು. ವ್ಯಾಯಾಮದಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. ಆದರೆ ಆ ಅಧ್ಯಯನದವರಲ್ಲಿ ಸುಮಾರು ಅರ್ಧ ಜನ 59ಕ್ಕಿಂತ ಕಡಿಮೆ ವಯಸ್ಸಿನವರು, ಹೆಂಗಸರು ನೂರಕ್ಕೆ 28. ಅವ್ವನಂಥವರು ಅದರಲ್ಲಿ ಕಡಿಮೆ. ಅದಕ್ಕೇ ನಾನು ಅದರ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳಲಿಲ್ಲ.

ಹೆಚ್ಚು ಹತ್ತಿರವಾದದ್ದು 2021ರ ರಿಹ್ಯಾಬ್-ಎಚ್‌ಎಫ್. 60 ದಾಟಿದ, ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದ 349 ಜನರ ಅಧ್ಯಯನ. ಅಲ್ಲಿ ನಡಿಗೆಯ ಜೊತೆಗೆ ಬಲ, ಸಮತೋಲ, ಏಳುವುದು-ಕೂಡುವುದು ಎಲ್ಲಕ್ಕೂ ಗಮನ ಕೊಟ್ಟರು. ಓಡಾಟದ ಸಾಮರ್ಥ್ಯ ಚೆನ್ನಾಗಿ ಸುಧಾರಿಸಿತು. ನನಗೆ ಇದು ಸರಿ ಅನ್ನಿಸಿತು. ಕುರ್ಚಿಯಿಂದ ಏಳಲಾಗದವರನ್ನು ರಸ್ತೆಗೆ ಕರೆದುಕೊಂಡು ಹೋದರೆ ಬೀಳುತ್ತಾರೆ. ಈ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ಎಲ್ಲ ಮುಗಿದಂತೆ.

ಹಾಗಾಗಿ ಮೊದಲ ಮೂರು ವಾರ ಮನೆಯೊಳಗೇ. ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿ ಏಳುವುದು, ಕಿಟಕಿ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಕಾಲಿನ ಮುಂದೆ ಇನ್ನೊಂದು ಇಟ್ಟು ನಿಲ್ಲುವುದು. ಉಸಿರು ಬಿಗಿಹಿಡಿಯಬಾರದು, ಏಳುವಾಗ ಉಸಿರು ಬಿಡಬೇಕು. ಜೊತೆಗೆ ಪಡಸಾಲೆಯಿಂದ ಹಿತ್ತಲಿಗೆ ಮೂರು ನಿಮಿಷದ ನಡಿಗೆ, ಎರಡು ನಿಮಿಷ ಕೂಡುವುದು, ಮತ್ತೆ ಮೂರು ನಿಮಿಷ. ಹೀಗೆ ಮೂರು ಸುತ್ತು, ದಿನಕ್ಕೆ ಒಟ್ಟು ಒಂಬತ್ತು ನಿಮಿಷದ ನಡಿಗೆ. ಚಿಕ್ಕ ಮಗ, ಇಷ್ಟೇನಾ ಅಂದ. ಇಷ್ಟೇ. ವಾರವಾರ ಪ್ರತಿ ಸುತ್ತಿಗೆ ಒಂದು ನಿಮಿಷ ಕೂಡಿಸುತ್ತಾ ಹೋದೆವು. ಮೊದಲು ಸಮಯ ಹೆಚ್ಚಿಸುವುದು, ವೇಗ ಕೊನೆಗೆ.

ವೇಗಕ್ಕೆ ನಾಡಿ ನೋಡಲಿಲ್ಲ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಏರುವುದೇ ಕಡಿಮೆ, ಗರಿಷ್ಠ ನಾಡಿ ಕಂಡುಹಿಡಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬದಲಿಗೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಅಳತೆ ಬಳಸಿದೆ. 6ರಿಂದ 20ರವರೆಗಿನ ಅಂಕಿ. 6 ಅಂದರೆ ಏನೂ ಶ್ರಮ ಇಲ್ಲ, 20 ಅಂದರೆ ಇನ್ನು ಆಗುವುದೇ ಇಲ್ಲ. ಅವ್ವ 11ರಿಂದ 13ರ ನಡುವೆ ಇರಬೇಕು. ಅಂಕಿ ಅವರಿಗೆ ಹಿಡಿಸಲಿಲ್ಲ. ಸೊಸೆ ಜೊತೆ ಮಾತಾಡುತ್ತಾ ನಡೆಯುವುದು ಅಂತ ಮಾಡಿದೆವು. ಮಾತು ತುಂಡಾದರೆ ನಿಧಾನ ಮಾಡಬೇಕು, ವಚನ ಹಾಡುವಷ್ಟು ಉಸಿರಿದ್ದರೆ ಸ್ವಲ್ಪ ಬಿರುಸು ಮಾಡಬಹುದು.

ಬಿರುಸಿನ ನಡಿಗೆಯ ಬಗ್ಗೆ ಒಂದು ಮಾತು. 2007ರಲ್ಲಿ ನಾರ್ವೆಯ ಅಧ್ಯಯನವೊಂದು ಹಾರ್ಟ್ ಅಟ್ಯಾಕ್ ಆಗಿ ಹೃದಯ ಸೋತ 27 ಹಿರಿಯರಲ್ಲಿ, ನಾಲ್ಕು ನಿಮಿಷದ ಜೋರಾದ ಸುತ್ತುಗಳಿಂದ ಆಮ್ಲಜನಕ ಬಳಸುವ ಶಕ್ತಿ ಶೇಕಡಾ 46 ಏರಿತು ಅಂತ ತೋರಿಸಿತು. ಎಲ್ಲರೂ ಅದರ ಹಿಂದೆ ಬಿದ್ದರು. 2017ರಲ್ಲಿ 261 ಜನರ ಮೇಲೆ ನಡೆದ ಸ್ಮಾರ್ಟೆಕ್ಸ್ ಅಧ್ಯಯನದಲ್ಲಿ ಜೋರಿನ ವ್ಯಾಯಾಮ ಮಧ್ಯಮ ವೇಗಕ್ಕಿಂತ ಮೇಲು ಅಂತ ಕಾಣಲಿಲ್ಲ. ಮನೆಯಲ್ಲಿ ಮಾನಿಟರ್ ಇಲ್ಲದೆ 69ರ ತಾಯಿಗೆ ಜೋರು ಮಾಡಿಸುವ ಅಗತ್ಯ ಏನೂ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೇಹದಲ್ಲಿ ಮತ್ತೆ ನೀರು ತುಂಬುತ್ತಿದೆಯಾ ಅಂತ ತಿಳಿಯಲು ಪ್ರತಿ ದಿನ ಬೆಳಗ್ಗೆ ಮೂರು ನೋಟ. ಟಾಯ್ಲೆಟ್ಟಿಗೆ ಹೋಗಿ ಬಂದು ಏನೂ ತಿನ್ನುವ ಮೊದಲು ತೂಕ. ಕಣಕಾಲು ಒತ್ತಿದರೆ ಕುಳಿ ಬೀಳುತ್ತದಾ. ರಾತ್ರಿ ಎಷ್ಟು ತಲೆದಿಂಬು ಬೇಕಾಯಿತು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನಡಿಗೆ ಬಂದ್, ವೈದ್ಯರಿಗೆ ಫೋನ್. ಗ್ಲಿಮೆಪಿರೈಡ್ ರಕ್ತದ ಸಕ್ಕರೆಯನ್ನು ತೀರಾ ಇಳಿಸಬಹುದು, ಅದಕ್ಕೆ ಬರೀ ಹೊಟ್ಟೆಯಲ್ಲಿ ನಡೆಯುವಂತಿಲ್ಲ, ಸೊಸೆಯ ಹತ್ತಿರ ಸಕ್ಕರೆ ಪೊಟ್ಟಣ ಇರಬೇಕು. ಹಳೇ ಸಕ್ಕರೆ ಕಾಯಿಲೆ ಅಂದರೆ ಪಾದದ ಸ್ಪರ್ಶ ಕಡಿಮೆ. ಹವಾಯಿ ಚಪ್ಪಲಿ ಬಿಡಿಸಿ ಶೂ ಹಾಕಿಸಿದೆ. ಸೀರೆ ಮೇಲೆ ಶೂ ಹಾಕಿ ಓಣಿಯಲ್ಲಿ ಹೋಗಲು ಅವ್ವ ಒಪ್ಪಿದ್ದು ಹಿರಿ ಸೊಸೆಯೂ ಶೂ ಹಾಕಿದ ಮೇಲೆ. ಆ ಹೆಣ್ಣುಮಗಳ ಈ ಒಂದು ಕೆಲಸ ನನ್ನ ಹತ್ತು ಮಾತಿಗಿಂತ ದೊಡ್ಡದು.

ಜಾತ್ರೆ ಮತ್ತು ಬಿಸಿಲು

ಜನವರಿ, ಫೆಬ್ರವರಿ ಚೆನ್ನಾಗಿ ಹೋಯಿತು. ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆ ಬಂತು. ಮನೆ ತುಂಬ ನೆಂಟರು. ನಮ್ಮ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ, ಉಪ್ಪು ದೇಹದಲ್ಲಿ ನೀರು ಹಿಡಿದಿಡುವುದರಿಂದ ಅದು ಹೃದಯ ವೈಫಲ್ಯದವರಿಗೆ ಒಳ್ಳೆಯದೇ. ತೊಂದರೆ ಇರುವುದು ರೊಟ್ಟಿಯ ಪಕ್ಕದಲ್ಲಿ: ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಗೆ ಮಿರ್ಚಿ ಭಜಿ. ಮೂರು ದಿನದಲ್ಲಿ ತೂಕ 58.4ರಿಂದ 60.9ಕ್ಕೆ ಏರಿತು. ರಾತ್ರಿ ಎರಡು ದಿಂಬು ಬೇಕಾದವು. ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ ಸೊಸೆ ಅದೇ ದಿನ ಫೋನ್ ಮಾಡಿದರು. ವೈದ್ಯರು ಕೆಲವು ದಿನ ಫ್ಯೂರೋಸಮೈಡ್ ಹೆಚ್ಚಿಸಿದರು, ನಾವು ನಡಿಗೆ ನಿಲ್ಲಿಸಿದೆವು. ತೂಕ ಇಳಿದು ನಿಂತ ಮೇಲೆ ಮತ್ತೆ ಶುರು, ಆದರೆ ಬಿಟ್ಟ ಜಾಗದಿಂದಲ್ಲ, ಅದರ ಅರ್ಧದಿಂದ. ಅಡ್ಮಿಟ್ ಆಗುವ ಪ್ರಸಂಗ ಬರಲಿಲ್ಲ. ಹಿಂದಿನ ಎರಡೂ ಸಲ ಹೀಗೇ ಶುರುವಾಗಿ, ತಿಳಿಯುವುದರೊಳಗೆ ಆಸ್ಪತ್ರೆ ಸೇರಿದ್ದರು.

ಏಪ್ರಿಲ್‌ನಲ್ಲಿ ಉಲ್ಟಾ ಆಯಿತು. ಕಲಬುರಗಿಯ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುವುದು ಇಲ್ಲಿ ವಿಶೇಷವಲ್ಲ. ಬೆವರಿನಲ್ಲಿ ನೀರು ಹೋಗುತ್ತದೆ, ನೀರಿನ ಮಾತ್ರೆಯೂ ನೀರು ತೆಗೆಯುತ್ತದೆ, ಉಳಿದ ಮಾತ್ರೆಗಳು ಬಿಪಿ ಇಳಿಸುತ್ತವೆ. ಒಂದು ಬೆಳಗ್ಗೆ ನಡೆದು ಬಂದು ನಿಂತಾಗ ಅವ್ವನಿಗೆ ಕಣ್ಣು ಕತ್ತಲಾಯಿತು. ಕೂತಾಗ ಮೇಲಿನ ಬಿಪಿ 98, ನಿಂತಾಗ 80. ತೂಕ 56ಕ್ಕೆ ಇಳಿದಿತ್ತು. ವೈದ್ಯರು ಫ್ಯೂರೋಸಮೈಡ್ ಕಡಿಮೆ ಮಾಡಿದರು, ಕುಡಿಯುವ ನೀರಿನ ಅಳತೆಯನ್ನೂ ಬದಲಿಸಿದರು. ಇದನ್ನು ಮನೆಯವರು ತಾವೇ ಮಾಡಬಾರದು.

ನಾವು ನಡಿಗೆಯನ್ನು ಒಳಗೆ ತಂದೆವು. ಬೆಳಗ್ಗೆ ತಿಂಡಿ ಬೇಗ ಕೊಟ್ಟು ಏಳು ಗಂಟೆಯೊಳಗೆ, ಫ್ಯಾನಿನ ಕೆಳಗೆ, ನಿಂತಲ್ಲೇ ಹೆಜ್ಜೆ ಹಾಕುವುದು. ಕೊನೆಯ ಐದು ನಿಮಿಷ ಕಡ್ಡಾಯವಾಗಿ ನಿಧಾನ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ. ಹಿಗ್ಗಿದ ನಾಳಗಳಿಗೆ ಬಿಗಿಯಲು ಸಮಯ ಕೊಡಬೇಕು. ನಮ್ಮ ಕಡೆ ಹೃದಯ ವೈಫಲ್ಯದವರಿಗೆ ವ್ಯಾಯಾಮ ಬರೆಯುವಾಗ ಬೇಸಿಗೆಗೆ ಬೇರೆ ಚೀಟಿ, ಚಳಿಗಾಲಕ್ಕೆ ಬೇರೆ ಚೀಟಿ ಬರೆಯಬೇಕು. ತಂಪು ದೇಶದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ.

ಫಲಿತಾಂಶ, ಮತ್ತು ಮಗನ ಪ್ರಶ್ನೆ

ಹನ್ನೆರಡು ವಾರದ ಕಾರ್ಯಕ್ರಮ ಎರಡು ತಡೆಗಳಿಂದ ಹದಿನಾರು ವಾರ ಹಿಡಿಯಿತು. ಆರು ನಿಮಿಷದ ನಡಿಗೆ 168ರಿಂದ 262 ಮೀಟರಿಗೆ ಬಂತು, ಒಂದು ಸಲವೂ ನಿಲ್ಲಲಿಲ್ಲ. 30 ಮೀಟರಿನಷ್ಟು ಹೆಚ್ಚಿದರೇ ರೋಗಿಗೆ ಫರಕ್ ತಿಳಿಯುತ್ತದೆ ಅನ್ನುತ್ತಾರೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದರು, 17 ಸೆಕೆಂಡಿನಲ್ಲಿ. ಸ್ನಾನಕ್ಕೆ ಯಾರೂ ಬೇಡ. ಮೇ ತಿಂಗಳ ಒಂದು ಸೋಮವಾರ, ಬಿಸಿಲು ಏರುವ ಮೊದಲು, ದಾರಿಯಲ್ಲಿ ಒಂದು ಅಂಗಡಿ ಕಟ್ಟೆ ಮೇಲೆ ಕೂತು ದಣಿವಾರಿಸಿಕೊಂಡು, ಸೊಸೆ ಜೊತೆ ಗುಡಿಗೆ ನಡೆದು ಹೋದರು. ಬರುವಾಗ ಆಟೋ. ಅದನ್ನು ನಾನೇ ಹೇಳಿದ್ದೆ.

ಆಮೇಲೆ ಎಕೋ ಆಯಿತು. ಇಜೆಕ್ಷನ್ ಫ್ರಾಕ್ಷನ್ 32. ಅಂದರೆ ಬದಲಾವಣೆ ಇಲ್ಲ ಅಂತಲೇ ಲೆಕ್ಕ, ಅಷ್ಟು ವ್ಯತ್ಯಾಸ ಅಳೆಯುವವರ ಕೈಯಲ್ಲೇ ಬರುತ್ತದೆ. ದೊಡ್ಡ ಮಗ ಸಪ್ಪೆ ಮುಖ ಮಾಡಿಕೊಂಡು ಬಂದರು. "ಎಕೋದಾಗ ಏನೂ ಫರಕ್ ಬಂದಿಲ್ಲಲ್ರೀ ಮೇಡಂ. ಇಷ್ಟೆಲ್ಲ ಮಾಡಿದ್ದು ಯಾತಕ್ಕ?"

ಅವರಿಗೆ ಆಳಂದ ಕಡೆ ಹೊಲ ಇದೆ. ಅದನ್ನೇ ಹಿಡಿದು ಹೇಳಿದೆ. ಬೋರಿನ ನೀರು ಹೆಚ್ಚಾಗಿಲ್ಲ, ಕಾಲುವೆ ಹೂಳು ತೆಗೆದು ನೆಲ ಹದ ಮಾಡಿದ್ದೇವೆ, ಅದೇ ನೀರಿಗೆ ಈಗ ಹೆಚ್ಚು ಬೆಳೆ. ದೇಹ ಬಳಸುವ ಆಮ್ಲಜನಕ ಎರಡು ಸಂಗತಿಯ ಗುಣಾಕಾರ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ಕಳಿಸುತ್ತದೆ ಅನ್ನುವುದು ಒಂದು. ಆ ರಕ್ತದಿಂದ ಸ್ನಾಯು ಎಷ್ಟು ಆಮ್ಲಜನಕ ಹೀರುತ್ತದೆ ಅನ್ನುವುದು ಇನ್ನೊಂದು. ಅವ್ವನಲ್ಲಿ ಮುಖ್ಯವಾಗಿ ಸುಧಾರಿಸಿದ್ದು ಎರಡನೆಯದು ಅಂತ ನಾನು ನಂಬಿದ್ದೇನೆ. ಪಂಪಿಂಗ್ ಅಂಕಿಗೂ ಮನುಷ್ಯ ಎಷ್ಟು ನಡೆಯಬಲ್ಲ ಅನ್ನುವುದಕ್ಕೂ ಹೊಂದಾಣಿಕೆ ಬಹಳ ಕಡಿಮೆ. 25 ಇದ್ದವರು ಆರಾಮಾಗಿ ಸಂತೆಗೆ ಹೋಗಿ ಬರುವುದನ್ನೂ, 60 ಇದ್ದವರು ಬಾಗಿಲಲ್ಲೇ ಏದುಸಿರು ಬಿಡುವುದನ್ನೂ ನೋಡಿದ್ದೇನೆ. ಎರಡನೆಯವರದ್ದು ಬಹಳ ಸಲ ಹೃದಯ ಬಿಗಿಯಾಗಿ, ಸರಿಯಾಗಿ ಹಿಗ್ಗದೆ ಆಗುವ ವೈಫಲ್ಯ, ಹಿರಿಯ ಹೆಂಗಸರಲ್ಲಿ ಜಾಸ್ತಿ. ಅವರಿಗೂ ನಡಿಗೆಯಿಂದ ಉಪಯೋಗ ಇದೆ.

ಇದರಿಂದ ಆಯುಷ್ಯ ಹೆಚ್ಚುತ್ತದಾ ಅಂತಲೂ ಕೇಳಿದರು. ಇದ್ದದ್ದನ್ನೇ ಹೇಳಿದೆ. ಎಚ್‌ಎಫ್-ಆ್ಯಕ್ಷನ್‌ನಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವುದು ಸೇರಿ ಆದ ಇಳಿಕೆ ಮೊದಲ ಲೆಕ್ಕದಲ್ಲಿ ಖಚಿತವಾಗಲಿಲ್ಲ. ರೋಗದ ತೀವ್ರತೆಯನ್ನು ಹೊಂದಿಸಿ ನೋಡಿದಾಗ ಶೇಕಡಾ 11ರಷ್ಟು ಕಡಿಮೆ ಕಂಡಿತು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ 2019ರ ಕೊಕ್ರೇನ್ ವಿಮರ್ಶೆ, ವ್ಯಾಯಾಮದಿಂದ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ, ಬದುಕಿನ ಗುಣಮಟ್ಟ ಸುಧಾರಿಸುತ್ತದೆ ಅನ್ನುತ್ತದೆ. ಅವ್ವ ಕೇಳಿದ್ದು ಗುಡಿಗೆ ನಡೆಯುವುದನ್ನು. ಅದು ಸಿಕ್ಕಿದೆ.

ಈಗ

ಎಲ್ಲ ಅಧ್ಯಯನಗಳಲ್ಲೂ ಕಾಣುವ ಕಷ್ಟ ಇಲ್ಲೂ ಇದೆ. ಮೇಲ್ವಿಚಾರಣೆ ಮುಗಿದ ಮೇಲೆ ಜನ ಬಿಡುತ್ತಾರೆ. ಅವ್ವ ನಡಿಗೆ ಬಿಟ್ಟಿಲ್ಲ, ಸಂಜೆ ಸೊಸೆ ಜೊತೆ ಓಣಿಯಲ್ಲಿ 20 ನಿಮಿಷ ಹೋಗುತ್ತಾರೆ. ಕುರ್ಚಿಯಿಂದ ಏಳುವ ವ್ಯಾಯಾಮ ಮಾತ್ರ ನಾನು ಹೋದ ದಿನ ಬಿಟ್ಟರೆ ಆಗುತ್ತಿಲ್ಲ. ಅದಕ್ಕೆ ಅದನ್ನು ಟಿವಿ ಧಾರಾವಾಹಿಯ ಜಾಹೀರಾತಿನ ಸಮಯಕ್ಕೆ ಕಟ್ಟಿದ್ದೇವೆ, ಮೊಮ್ಮಗಳು ಎಣಿಸುತ್ತಾಳೆ. ಮಳೆಗಾಲದಲ್ಲಿ ಜ್ವರ ಬಂದಾಗ ಪೂರ್ತಿ ವಿಶ್ರಾಂತಿ ಕೊಟ್ಟೆವು. ಜ್ವರ ಬಿಟ್ಟು ತೂಕ, ಬಿಪಿ ಸರಿ ಇದ್ದದ್ದನ್ನು ನೋಡಿಕೊಂಡು ಮತ್ತೆ ಮೂರು ನಿಮಿಷದಿಂದ ಶುರು ಮಾಡಿದೆವು. ಮಂಚವನ್ನು ವಾಪಸ್ ಮೇಲಕ್ಕೆ ಒಯ್ಯಬೇಕು ಅಂತ ಅವ್ವನ ಹಟ. ಮೆಟ್ಟಿಲು ಹತ್ತುವಾಗಿನ ಬಿಪಿ ನೋಡದೆ ನಾನು ಒಪ್ಪಿಲ್ಲ. ನವೆಂಬರ್‌ನಲ್ಲಿ ಆರು ನಿಮಿಷದ ಪರೀಕ್ಷೆ ಮತ್ತೆ ಮಾಡುತ್ತೇವೆ. 240 ಮೀಟರಿಗಿಂತ ಕೆಳಗೆ ಬಂದಿದ್ದರೆ ವಾರಕ್ಕೆ ಎರಡು ದಿನ ನಾನೇ ಹೋಗಿ ನಡೆಸುವುದು ಅಂತ ಮನೆಯವರ ಜೊತೆ ಮಾತಾಗಿದೆ.